ಕಣ್ಣು ಬಿಟ್ಟು ಮಲಗಿದ ಕುಂಭಕರ್ಣ

“ನನ್ ಕ್ಯಾಮೆರಾ ಮುಂದೆ ಕಣ್ ಮುಚ್ಚಿದೋನು ಈ ಭೂಮಿ ಮ್ಯಾಲೆ ಇನ್ನೂ ಉಟ್ಟಿಲ್ಲ.”

ಉರಿಗಾಂನ ಸೀನಪ್ಪ ಈ ಮಾತನ್ನು ಐವತ್ತು ವರ್ಷದಿಂದ ಹೇಳುತ್ತಿದ್ದಾನೆ. ಕನ್ನಡದಲ್ಲಿ ಸಾಲದಿದ್ದರೆ ತಮಿಳಿನಲ್ಲಿ, ಅದೂ ಸಾಲದಿದ್ದರೆ ತೆಲುಗಿನಲ್ಲಿ. ಮನೆಯ ಮುಂದಿನ ಕೋಣೆಯೇ ಅವನ ಸ್ಟುಡಿಯೋ. ಆ ಕಾಲದ ಅವನ ಫ್ಲ್ಯಾಶು ಎಂಥದ್ದೆಂದರೆ, ಇಲ್ಲಿ ಹೊಡೆದರೆ ಬೂದಿಕೋಟೆಯ ಕೋಳಿಗಳು ಬೆಳಗಾಯಿತೆಂದು ಕೂಗುತ್ತಿದ್ದವು. ಅಂಥ ಬೆಳಕಿಗೂ ರೆಪ್ಪೆ ಬಡಿಯದೆ ಕೂತ ಮದುಮಕ್ಕಳು ಬಂಗಾರಪೇಟೆಯಿಂದ ಕಾಮಸಮುದ್ರದವರೆಗೆ ಮನೆಮನೆಯ ಗೋಡೆಯ ಮೇಲಿದ್ದಾರೆ. ಗುಟ್ಟೇನೆಂದು ಕೇಳಿದರೆ ಸೀನಪ್ಪ ಬೀಡಿ ಹಚ್ಚುತ್ತಾನೆ. ಗುಟ್ಟು ಗೊತ್ತಿರುವವಳು ಹೆಂಡತಿ ಮುನಿಯಮ್ಮ ಒಬ್ಬಳೇ. ಅವಳು ನಗುತ್ತಾಳೆ, ಅಷ್ಟೆ.

ಈ ಆಷಾಢದ ಒಂದು ಬೆಳಿಗ್ಗೆ, ಬಂಗಾರಪೇಟೆಯ ಕಾಲೇಜಿನಲ್ಲಿ ಪಾಠ ಹೇಳುವ ಜ್ಯೋತ್ಸ್ನಾ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಷ್ಟೂ ತಾಳ್ಮೆಯಿಲ್ಲದೆ ಗೋಡೆಗೊರಗಿಸಿ ಒಳಗೆ ಓಡಿ ಬಂದಳು. ಅವಳ ತಾತ, ಬೂದಿಕೋಟೆಯ ವೆಂಕಟರಾಮಪ್ಪನ ಬಳಿ ರಾಮಾಯಣದ ಒಂದು ಹಸ್ತಪ್ರತಿ ಇತ್ತು, ಪುಟಪುಟಕ್ಕೂ ಬಣ್ಣದ ಚಿತ್ರ. ನಲವತ್ತೈದು ವರ್ಷದ ಹಿಂದೆ ಸೀನಪ್ಪ ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಹೋಗಿ ಆ ಚಿತ್ರಗಳನ್ನೆಲ್ಲ ಫೋಟೊ ತೆಗೆದು ಕೊಟ್ಟಿದ್ದ. ಆಮೇಲೆ ಗೆದ್ದಲು ಬಂದು ಪುಸ್ತಕವನ್ನು ಬಾಲಕಾಂಡದಿಂದ ಪಟ್ಟಾಭಿಷೇಕದವರೆಗೆ ಒಂದಕ್ಷರ ಬಿಡದೆ ಪಾರಾಯಣ ಮಾಡಿ ಮುಗಿಸಿತು. ಈಗ ಉಳಿದಿರುವುದು ಸೀನಪ್ಪನ ಫೋಟೊಗಳು ಮಾತ್ರ.

“ಸೀನಪ್ಪ ತಾತ, ಯೂನಿವರ್ಸಿಟಿ ಲೈಬ್ರರಿಯವರು ಒಪ್ಪಿದ್ದಾರೆ. ಎಲ್ಲಾ ಫೋಟೊ ನಮ್ಮ ತಾತನ ಹೆಸರಲ್ಲೇ ಇಟ್ಕೊಳ್ತಾರಂತೆ. ಅದರಲ್ಲೂ ಇದನ್ನ ನೋಡಿ ಕುಣಿದಾಡಿಬಿಟ್ಟಿದ್ದಾರೆ.”

ಫೋಟೊದಲ್ಲಿ ಕುಂಭಕರ್ಣ ಬೆಟ್ಟದಂತೆ ಬಿದ್ದುಕೊಂಡಿದ್ದ. ಸುತ್ತ ರಾಕ್ಷಸರು ನಗಾರಿ ಬಡಿಯುತ್ತಿದ್ದರು, ಕಹಳೆ ಊದುತ್ತಿದ್ದರು, ಹೊಟ್ಟೆಯ ಮೇಲೆ ಆನೆ ಓಡಿಸುತ್ತಿದ್ದರು. ಅವನೋ, ಎರಡೂ ಕಣ್ಣನ್ನು ಬಟ್ಟಲಿನಂತೆ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದ.

“ಕಣ್ಣು ಬಿಟ್ಟು ಮಲಗಿರೋ ಕುಂಭಕರ್ಣ ದೇಶದಲ್ಲೇ ಎಲ್ಲೂ ಇಲ್ವಂತೆ. ನಮ್ಮ ಸೀಮೆ ಚಿತ್ರಗಾರರ ಸಂಪ್ರದಾಯವೇ ಬೇರೆ ಅಂತ ಹದಿನೆಂಟು ಪುಟ ಬರೆದಿದ್ದೀನಿ. ನೀವು ಇಲ್ಲೊಂದು ಸೈನ್ ಹಾಕಿದ್ರೆ ಆಯ್ತು, ಇವತ್ತೇ ಕಳಿಸ್ತೀನಿ.”

‘ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ತೆಗೆದಿದ್ದೇನೆ’ ಎಂದು ಕಾಗದದಲ್ಲಿ ಬರೆದಿತ್ತು. ಸೀನಪ್ಪ ಪೆನ್ನು ಹಿಡಿದ. ಕಾಫಿ ತಂದ ಮುನಿಯಮ್ಮ ಫೋಟೊ ನೋಡಿದಳು, ಗಂಡನ ಮುಖ ನೋಡಿದಳು.

“ಆಕಿ, ಆಕಿ. ನಮ್ ಮದ್ವೆ ಫೋಟೊಕ್ಕೂ ಇಂಗೇ ಒಂದು ಸೈನ್ ಆಕ್ಬಿಡಿ.”

“ಸುಮ್ಕಿರೇ ನೀನು.”

ಹಿಂದಿನ ಕಾಲದಲ್ಲಿ ಊರಿನಲ್ಲಿ ಯಾರಾದರೂ ತೀರಿಕೊಂಡರೆ, ಕೊನೆಗಾದರೂ ಒಂದು ಫೋಟೊ ಇರಲೆಂದು ಸೀನಪ್ಪನನ್ನು ಕರೆಯುತ್ತಿದ್ದರು. ‘ಕಣ್ ಬಿಡ್ಸಿ ಕೊಡಪ್ಪ’ ಎಂದು ಅಳುತ್ತಿದ್ದರು. ಸೀನಪ್ಪ ನೆಗೆಟಿವನ್ನು ಬೆಳಕಿಗೆ ಹಿಡಿದು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಮುಚ್ಚಿದ ರೆಪ್ಪೆಯ ಮೇಲೆ ತುಂಬುತ್ತಿದ್ದ. ಪ್ರಿಂಟು ಹಾಕಿದರೆ ಅಷ್ಟು ಜಾಗ ಬೆಳ್ಳಗೆ ಬರುತ್ತಿತ್ತು, ನಡುವೆ ಬಿಟ್ಟ ಚುಕ್ಕೆಯೇ ಕಪ್ಪುಗುಡ್ಡೆ. ಸತ್ತವರು ಎದ್ದು ಕೂತಂತೆ ನೋಡುತ್ತಿದ್ದರು. ಆಮೇಲೆ ಫ್ಲ್ಯಾಶಿಗೆ ಹೆದರಿ ಕಣ್ಣು ಮುಚ್ಚಿದ ಮದುಮಕ್ಕಳ ಸರದಿ. ಗೆಳೆಯನ ಕೈಯಲ್ಲಿ ಬಟನ್ ಒತ್ತಿಸಿ ತೆಗೆಸಿದ ತನ್ನದೇ ಮದುವೆಯ ಫೋಟೊದಲ್ಲಿ ಮುನಿಯಮ್ಮನ ಕಣ್ಣೂ ಹಾಗೆ ಬಿಡಿಸಿದ್ದೇ. ರೂಢಿಯಾದ ಕೈ, ಮುಚ್ಚಿದ ಕಣ್ಣು ಕಂಡರೆ ಸುಮ್ಮನಿರುತ್ತಿರಲಿಲ್ಲ. ರಾಮಾಯಣಕ್ಕೆ ಬಂದರೂ ನಿಲ್ಲಲಿಲ್ಲ.

ಸೈನ್ ಹಾಕಿದರೆ ಹುಡುಗಿಗೂ ಸಂತೋಷ, ಐವತ್ತು ವರ್ಷದ ಜಂಬಕ್ಕೂ ಕ್ಷೇಮ. ಆದರೆ ವೆಂಕಟರಾಮಪ್ಪ ಅಂದು ಕೈ ತೊಳೆದು, ಉಸಿರು ಬಿಗಿಹಿಡಿದು ಒಂದೊಂದೇ ಪುಟ ತಿರುವಿದ್ದು ಸೀನಪ್ಪನ ಕಣ್ಣಿಗೆ ಕಟ್ಟಿತು. ‘ಒಂದ್ ಗೀಟೂ ಎಚ್ಚುಕಮ್ಮಿ ಆಗ್ಬಾರ್ದು ಕಣ್ಲಾ ಸೀನ’ ಎಂದಿದ್ದ.

ಸೀನಪ್ಪ ಪೆನ್ನಿಗೆ ಮುಚ್ಚಳ ಹಾಕಿದ.

“ಆ ಕಣ್ಣು ಚಿತ್ರಗಾರಂದಲ್ಲ ಕಣಮ್ಮ. ನಂದು.”

ಎಲ್ಲವನ್ನೂ ಕೇಳಿದ ಜ್ಯೋತ್ಸ್ನಾ ಫೋಟೊಕ್ಕೆ ಕೂರಿಸುವ ಸ್ಟೂಲಿನ ಮೇಲೆ ಕುಸಿದಳು. “ಹದಿನೆಂಟು ಪುಟ, ತಾತ.” ಉಳಿದ ಫೋಟೊಗಳನ್ನು ಒಂದೊಂದಾಗಿ ತಿರುವುತ್ತ, “ಇನ್ನೂ ಯಾರ್ಯಾರ ಕಣ್ಣು ಬಿಡಿಸಿದ್ದೀರಿ?”

“ತಪಸ್ಸಿಗೆ ಕುಂತಿದ್ ಋಷಿಗಳು, ಏಳು ಜನ. ಆಮ್ಯಾಲೆ ದಶರಥ, ಸತ್ತಿದ್ನಲ್ಲ, ಅವನ್ದು.”

“ಸತ್ತ ಮೇಲೂ ಮಗನ ದಾರಿ ನೋಡುವ ತಂದೆ ಅಂತ ಅದಕ್ಕೇ ನಾಲ್ಕು ಪುಟ ಬರೆದಿದ್ದೆ.”

“ಚೆನ್ನಾಗೇ ಬರ್ದಿದ್ದೀಯ ಬಿಡು. ಅಳಬ್ಯಾಡ, ಪೆನ್ಸಿಲ್ ತಾನೆ, ಒರಸುದ್ರೆ ಓಯ್ತದೆ.”

ಬಿಸ್ಕತ್ತಿನ ಡಬ್ಬಿಯಿಂದ ನೆಗೆಟಿವ್ ಹೊರಬಂತು. ಈಗೀಗ ಸೀನಪ್ಪ ಕಾಫಿ ಲೋಟ ಎತ್ತಿದರೆ ಇಡೀ ತಾಲ್ಲೂಕೇ ನಡುಗುತ್ತದೆ. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿ ನೆಗೆಟಿವ್ ಮುಟ್ಟಿದಾಗ ಮಾತ್ರ ಕೈ ಬಂಡೆಯಂತೆ ನಿಂತಿತು. ಹತ್ತಿ ಬೂದುಬಣ್ಣಕ್ಕೆ ತಿರುಗಿತು. ಜ್ಯೋತ್ಸ್ನಾ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋನಿನಲ್ಲಿ ತೆಗೆದು, ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿದಳು. ಕುಂಭಕರ್ಣ ನಲವತ್ತೈದು ವರ್ಷದ ಮೇಲೆ ಕಣ್ಣು ಮುಚ್ಚಿದ್ದ.

ಜ್ಯೋತ್ಸ್ನಾ ಚಿತ್ರವನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಸ್ಟೂಲು ಉರುಳಿಬಿತ್ತು.

“ತಾತ, ಇಲ್ಲಿ ನೋಡಿ. ರೆಪ್ಪೆ ಮೇಲೆ ಯಾರೋ ಒಬ್ಬ ಇದ್ದಾನೆ.”

ಇದ್ದ. ಇರುವೆಯಷ್ಟು ರಾಕ್ಷಸ. ಕುಂಭಕರ್ಣನ ಕೆನ್ನೆಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ರೆಪ್ಪೆ ಹಿಡಿದು ಮೇಲಕ್ಕೆ ಎಳೆಯುತ್ತಿದ್ದ. ಹಲ್ಲು ಕಚ್ಚಿದ್ದೂ ಕಾಣುತ್ತಿತ್ತು. ಸೀನಪ್ಪನ ಪೆನ್ಸಿಲು ಅವನನ್ನು ಬಿಳಿಗುಡ್ಡೆಯೊಳಗೆ ಹೂತುಬಿಟ್ಟಿತ್ತು.

ಹದಿನೆಂಟು ಪುಟ ಅಲ್ಲಿಗೆ ಮರೆತೇ ಹೋಯಿತು. ಜ್ಯೋತ್ಸ್ನಾ ಫೋನಿಗೆ ಹೇಳಿಕೊಂಡು ಹೊಸದಾಗಿ ಬರೆಯಲು ಶುರುಮಾಡಿದಳು. ದಶರಥನ ಕಣ್ಣು ಮುಚ್ಚಿತು, ಋಷಿಗಳು ಒಬ್ಬೊಬ್ಬರಾಗಿ ತಪಸ್ಸಿಗೆ ಮರಳಿದರು. ಆಮೇಲೆ ಸೀನಪ್ಪ ಸೈನ್ ಹಾಕಿದ.

“ನನ್ ಕಣ್ಣು ಮಾತ್ರ ಒರಸ್ಬ್ಯಾಡಿ,” ಎಂದಳು ಮುನಿಯಮ್ಮ, ಗೋಡೆಯ ಮದುವೆ ಫೋಟೊ ತೋರಿಸಿ. “ಅದೊಂದು ಚೆನ್ನಾಗ್ ಬಂದೈತೆ.”

ಜ್ಯೋತ್ಸ್ನಾ ಹೊರಡುವಾಗ ಬಾಗಿಲಲ್ಲಿ ನಿಂತು ಕೆಣಕಿದಳು: “ಅಂತೂ ನಿಮ್ಮ ಕ್ಯಾಮೆರಾ ಮುಂದೆ ಒಬ್ಬ ಕಣ್ಣು ಮುಚ್ಚಿದ್ದ ಅಂತಾಯ್ತು, ತಾತ.”

ಸೀನಪ್ಪ ಬೀಡಿ ಹಚ್ಚಿದ.

“ನಗಾರಿ ಬಡುದ್ರು, ಆನೆ ಓಡ್ಸುದ್ರು, ರೆಪ್ಪೆ ಇಡ್ದು ಎಳುದ್ರು. ಎದ್ನಾ? ಕೊನೆಗೆ ಎಬ್ಸಿದ್ದು ಯಾರ ಪೆನ್ಸಿಲ್ಲು, ಅದನ್ನೂ ಬರ್ಕೊ.”