ಮುಚ್ಚಿದ ತೂತುಗಳು

ಟಕಟಕಟಕ. ಒಂದು ಗಳಿಗೆ ಸುಮ್ಮನೆ. ಮತ್ತೆ ಟಕಟಕಟಕ.

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮಗ್ಗದ ಸದ್ದಿಗೆ ಯಾರೂ ಕಿವಿಗೊಡುವುದಿಲ್ಲ. ಅದು ನಿಂತಾಗಷ್ಟೇ ಜನ ಬಾಗಿಲಿಗೆ ಬಂದು, ಕರೆಂಟು ಹೋಯಿತಾ ಎಂದು ಕೇಳುತ್ತಾರೆ. ಆದರೆ ಇದು ಮಗ್ಗದ ಸದ್ದಲ್ಲ. ರುಕ್ಮಿಣಮ್ಮನ ಅಡುಗೆಮನೆ ಗೋಡೆಗೆ ಅಂಟಿಕೊಂಡಂತಿದ್ದ, ಸೀರೆ ನೇಯಿಸುವ ಮಾಲೀಕ ಲಕ್ಷ್ಮಯ್ಯನವರ ಮಹಡಿಯಿಂದ ಅದು ಬರುತ್ತಿತ್ತು. ಕಂಪ್ಯೂಟರು ಹೇಳಿದ ಜಾಗದಲ್ಲಿ ರಟ್ಟಿನ ಕಾರ್ಡಿಗೆ ತೂತು ಹೊಡೆಯುವ ಯಂತ್ರ. ಅದು ಶುರುವಾಯಿತೆಂದರೆ ಒಗ್ಗರಣೆಯ ಸಾಸಿವೆ ಸಿಡಿದದ್ದೂ ಅವಳಿಗೆ ಕೇಳಿಸುತ್ತಿರಲಿಲ್ಲ.

"ಬಡ್ಕೋ, ಬಡ್ಕೋ. ಎಷ್ಟು ದಿನ ಬಡ್ಕೋತೀಯೋ ನೋಡ್ತೀನಿ," ಎಂದಳು ಗೋಡೆಗೆ.

"ಏನಂದೆ?" ಗಂಡ ಯೋಗಾನಂದ ತಟ್ಟೆಯಿಂದ ತಲೆಯೆತ್ತಿದ. ಮಗ್ಗದ ಮುಂದೆ ಕೂತು ಕೂತು ಅವನ ಕಿವಿ ಎಂದೋ ಮಂದವಾಗಿತ್ತು.

"ನಿಮಗಲ್ಲ!" ಎಂದು ಕೂಗಿದಳು. ಆ ಮನೆಯಲ್ಲಿ ಪ್ರೀತಿಯೂ ಜಗಳವೂ ಒಂದೇ ದನಿಯಲ್ಲಿ ನಡೆಯುತ್ತಿದ್ದವು.

ಮೊದಲು ಆ ತೂತು ಹೊಡೆಯುವ ಕೆಲಸ ಅವಳದಾಗಿತ್ತು. ಸೀರೆಯ ಅಂಚಿನಲ್ಲಿ ಹಂಸ ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲಿನ ಜಕಾರ್ಡ್ ಎಂಬ ಯಂತ್ರಕ್ಕೆ ಕಾರ್ಡುಗಳ ಸರ ಏರಿಸಬೇಕು. ಕಾರ್ಡಿನಲ್ಲಿ ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ. ಏಳುವ ಎಳೆ, ಮಲಗುವ ಎಳೆ, ಅಷ್ಟರಲ್ಲೇ ಹಂಸದ ಕೊಕ್ಕು, ಕತ್ತು, ರೆಕ್ಕೆ ಎಲ್ಲವೂ. ರಾಜಘಟ್ಟದಿಂದ ಸೊಸೆಯಾಗಿ ಬಂದ ವರ್ಷವೇ ಮಾವ ಕೋದಂಡರಾಮಯ್ಯ ಅವಳನ್ನು ಲಕ್ಷ್ಮಯ್ಯನವರ ಕಾರ್ಡಿನ ಕೋಣೆಯಲ್ಲಿ ಕೂರಿಸಿ, ಚೌಕುಳಿ ಕಾಗದದ ಚಿತ್ರ ನೋಡಿಕೊಂಡು ತೂತು ಹೊಡೆಯುವುದನ್ನು ಕಲಿಸಿದ್ದರು. ತಪ್ಪು ತೂತು ಬಿದ್ದರೆ ಮುಚ್ಚುವುದನ್ನೂ ಕಲಿಸಿದ್ದರು. ತೂತಿನಿಂದ ಉದುರಿದ ರಟ್ಟಿನ ಬಿಲ್ಲೆಯನ್ನು ಹುಣಸೆಬೀಜದ ಅಂಟು ಸವರಿ ಅದೇ ತೂತಿಗೆ ಕೂರಿಸಿ, ಮೇಲೊಂದು ತೆಳು ಕಾಗದ ಒತ್ತಬೇಕು.

ಇನ್ನೊಂದನ್ನು ಬೈದು ಕಲಿಸಿದ್ದರು. ಪಕ್ಕದಲ್ಲಿ ಕೂತವಳು ಸಾಲು ತಪ್ಪಿ ಹೊಡೆದಿದ್ದನ್ನು ಹೊಸ ಸೊಸೆ ಮಾಲೀಕರ ಮುಂದೆ ಹೇಳಿಬಿಟ್ಟಿದ್ದಳು. ಸಂಜೆ ಮಾವ, "ತೂತು ಮುಚ್ಚಿದ್ಯಾ?" ಎಂದು ಕೇಳಿದರು. ಹೂಂ ಎಂದಳು. "ಮತ್ತೆ ಬಾಯಿ ಯಾಕೆ ತೆಗ್ದೆ? ಇನ್ನೊಬ್ಬರ ಕೈ ತಪ್ಪಿದ್ದನ್ನ ಆಡ್ಕೊಳ್ಳೋದಕ್ಕಾ ಇಲ್ಲಿ ಕೂರಿಸಿರೋದು?" ಮೂರು ದಿನ ಮಾತಾಡಿಸಲಿಲ್ಲ. ಆ ಕೋಣೆಗಳ ರೀತಿಯೇ ಹಾಗಿತ್ತು. ಯಾರ ಕೈ ತಪ್ಪಿದರೂ ಕಂಡವರು ಸರಿಮಾಡುತ್ತಿದ್ದರು. ಸರಿಮಾಡಿದ ಮೇಲೆ ಅದು ತಪ್ಪೇ ಅಲ್ಲ, ಅದರ ಸುದ್ದಿ ಇಲ್ಲ.

ತೊಂಬತ್ತರ ದಶಕ ಅರ್ಧ ಕಳೆದಾಗ ಲಕ್ಷ್ಮಯ್ಯನವರು ಕಂಪ್ಯೂಟರು ತಂದರು, ಹಿಂದೆಯೇ ಸಂತೋಷನನ್ನು. ನಲ್ಲೂರಿನ ಒಕ್ಕಲು ಮನೆಯವನು, ಬೆಂಗಳೂರಿನಲ್ಲಿ ಓದಿದವನು. ಚಿತ್ರವನ್ನು ಓದಿ ಯಂತ್ರಕ್ಕೆ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಹೇಳುವ ಪ್ರೋಗ್ರಾಂ ಬರೆಯುವುದು ಅವನ ಕೆಲಸ. ಬಂದ ವಾರವೇ ಮೆಟ್ಟಿಲ ಮೇಲೆ ಯಾರಿಗೋ, "ಕಾರ್ಡಿನ ಕೋಣೆ ಇನ್ನೊಂದು ವರ್ಷ ಗುರು, ಆಮೇಲೆ ಸೈಕಲ್ ಸ್ಟ್ಯಾಂಡು," ಎಂದು ನಕ್ಕಿದ್ದು ಕೆಳಗಿದ್ದ ರುಕ್ಮಿಣಮ್ಮನಿಗೆ ಕೇಳಿಸಿತು. ಅಂದಿನಿಂದ ಅವನು ತರಿಸಿದ ಟೀ ಅವಳು ಮುಟ್ಟಲಿಲ್ಲ. ಲೋಟ ಮುಂದೆ ಬಂದರೆ ನೊಣ ಬಿದ್ದ ಹಾಗೆ ನೋಡಿ ಪಕ್ಕಕ್ಕೆ ಸರಿಸುತ್ತಿದ್ದಳು.

ದ್ವೇಷ ಅವಳೊಬ್ಬಳದೇ ಆಗಿರಲಿಲ್ಲ. ಮಹಡಿಯ ಮುಂದಿನ ಕೋಣೆಯಲ್ಲಿ ಚಿತ್ರ ಬರೆಯುವವರು, ಹಿಂದಿನ ಕೋಣೆಯಲ್ಲಿ ಪ್ರೋಗ್ರಾಂನವರು, ಕೆಳಗೆ ಶೆಡ್ಡಿನಲ್ಲಿ ನೇಯುವವರು. ಒಬ್ಬರ ಮುಖ ಒಬ್ಬರಿಗಾಗುತ್ತಿರಲಿಲ್ಲ. ಚಿತ್ರದವರು ಅಂಚು ಅಗಲ ಮಾಡಿ ಒಂದು ಫ್ಲಾಪಿಯಲ್ಲಿ ಇಟ್ಟರೆ, ಪ್ರೋಗ್ರಾಂನವರು ಹಳೆಯ ಫ್ಲಾಪಿ ಹಿಡಿದು ಕೂತಿರುತ್ತಿದ್ದರು. ಸೀರೆ ಕೆಟ್ಟಾಗ ಇಬ್ಬರೂ ಶೆಡ್ಡಿನ ಕಡೆ ಬೆರಳು ತೋರಿಸುತ್ತಿದ್ದರು. ಮಗ್ಗ ನೋಡಿಕೊಳ್ಳುವ ಬೈರಣ್ಣ ಅಂಗಳದಲ್ಲಿ ನಿಂತು ಮೇಲಕ್ಕೆ ಕೂಗುತ್ತಿದ್ದ: "ಲೇ, ಕೆಳಕ್ಕೆ ಇಳಿದು ಬರ್ರೋ! ಮಗ್ಗ ಯಾವ ಕಡೆ ಇದೆ ಅಂತನಾದ್ರೂ ತೋರಿಸ್ತೀನಿ!"

ಬೇಸತ್ತ ಲಕ್ಷ್ಮಯ್ಯನವರು ಬೆಂಗಳೂರಿನಿಂದ ಇನ್ನೊಂದು ಸಾಫ್ಟ್‌ವೇರು ತರಿಸಿದರು. ಚಿತ್ರ, ಪ್ರೋಗ್ರಾಂ, ಪರೀಕ್ಷೆ, ದೂರು, ಕೊನೆಗೆ ಗಿರಾಕಿಗೆ ಕಳಿಸುವುದು, ಎಲ್ಲವೂ ಅದೊಂದರೊಳಗೇ. ಮೂರೂ ಕಡೆಯ ಕಂಪ್ಯೂಟರುಗಳಿಗೆ ತಂತಿ ಎಳೆದರು. ಯಾರು ಏನು ಬದಲಿಸಿದರೂ ಅಲ್ಲಿ ಹೇಳಿ ಬದಲಿಸಬೇಕು. ದೂರು ಕೊಟ್ಟರೆ ಅದಕ್ಕೊಂದು ನಂಬರು ಬೀಳುತ್ತದೆ, ಅದರ ಬೆನ್ನು ಹತ್ತಿದರೆ ಯಾರ ಯಾವ ಬದಲಾವಣೆಯಿಂದ ಕೆಟ್ಟಿತೆಂದು ತಿಳಿಯುತ್ತದೆ. ದೂರು ತೀರುವ ತನಕ ಪ್ರೋಗ್ರಾಂ ಹೊಸ್ತಿಲು ದಾಟುವಂತಿಲ್ಲ. ಬೈರಣ್ಣ ಅದಕ್ಕೆ ಚಾವಡಿ ಎಂದು ಹೆಸರಿಟ್ಟ. ಎಲ್ಲರ ಜಗಳವೂ ಅಲ್ಲಿಗೇ ಹೋಗುತ್ತದಲ್ಲ. ಅಂಗಳದ ಕೂಗಾಟ ನಿಂತಿತು. ಹಗೆ ಮಾತ್ರ ಮೆತ್ತಗೆ ಗಾಜಿನ ಹಿಂದೆ ಹೋಗಿ ಕೂತಿತು.

ಆಗಲೇ ಲಕ್ಷ್ಮಯ್ಯನವರು ಅವಳನ್ನು ಕರೆದರು. "ನೋಡಮ್ಮ ರುಕ್ಮಿಣಮ್ಮ, ಯುಗಾದಿಗೆ ಕಾರ್ಡಿನ ಕೋಣೆ ಮುಚ್ತೀನಿ. ಉಳಿಯೋದು ಒಂದೇ ಕುರ್ಚಿ, ಪರೀಕ್ಷೆದು. ಯಂತ್ರದ ಕಾರ್ಡು ನೀನು ನೋಡಿ ಹೂಂ ಅಂದ್ರೇನೇ ಚಾವಡಿ ಒಪ್ಪೋದು. ಈ ಪ್ರೋಗ್ರಾಂ ಚೆನ್ನಾಗಿ ಓಡಿ ಹೊರಗೂ ಮಾರಾಟವಾದ್ರೆ ಆ ಕುರ್ಚಿ ನಿಂಗೆ ಖಾಯಂ."

"ಓಡದೆ ಹೋದ್ರೆ?"

"ಅವನು ನಲ್ಲೂರಿಗೆ, ನೀನು ಮನೆಗೆ."

ಮನೆಗೆ ಎಂದರೆ ಮೈದುನನ ಜಗಲಿ. ಅಲ್ಲಿ ಕೂತು ಅವನ ಹೆಂಡತಿ ನೋಡುತ್ತಿರುವಾಗ ಕಂಡಿಕೆಗೆ ನೂಲು ಸುತ್ತಿಕೊಡುವುದು. ಹಿರಿಯಳೆಂದು ಹತ್ತು ಜನ ಅವಳ ಹೂಂಗಾಗಿ ಕಾದು ನಿಂತ ಕೋಣೆಯಿಂದ ಅಲ್ಲಿಗೆ. ಅದನ್ನು ನೆನೆದರೇ ಅವಳ ಕತ್ತು ಬಿಸಿಯಾಗುತ್ತಿತ್ತು.

ಸಂತೋಷ್ ಅವಳಿಗೆ ಕಲಿಸಬೇಕಾಗಿ ಬಂತು. ಇಬ್ಬರೂ ಒಂದು ಮಾರು ದೂರ ಕೂತರು.

"ಕಾರ್ಡು ನೋಡಿದ ಮೇಲೆ ಇದು ಕೇಳತ್ತೆ, ತಪ್ಪಿದೆಯಾ ಅಂತ. ಇದ್ರೆ ವೈ ಒತ್ತಿ, ಇಲ್ದಿದ್ರೆ ಎನ್. ಅಷ್ಟೇ ರುಕ್ಮಿಣಮ್ಮನೋರೇ, ಕಷ್ಟ ಏನಿಲ್ಲ."

"ಕಷ್ಟ ಅಂತ ನಾನಂದ್ನಾ?"

"ಇಲ್ಲ, ಸುಮ್ನೆ ಹೇಳ್ದೆ."

"ಸುಮ್ನೆ ಹೇಳ್ಬೇಡ."

ಯಂತ್ರದ ಮೊದಲ ಸರ ಬಂದಾಗ ಹಂಸದ ಕತ್ತಿನ ಹತ್ತಿರ, ಅಂಚು ಸೀರೆಯ ಒಡಲಿಗೆ ಸೇರುವ ಜಾಗದಲ್ಲಿ, ಬೇಡದ ತೂತು ಬಿದ್ದಿತ್ತು. ಅವಳು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಡಲೆಯಷ್ಟು ಬಿಸಿಲು ಅವಳ ಕೆನ್ನೆಯ ಮೇಲೆ ಬಿತ್ತು. ಬಿಲ್ಲೆಗಳ ಡಬ್ಬಿ ತೆರೆದಳು, ಅಂಟು ಸವರಿದಳು, ಕೂರಿಸಿದಳು. ಪರದೆ ಕೇಳಿತು, ತಪ್ಪಿದೆಯಾ? ಅವಳು ಕಾರ್ಡನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದಳು. ಇಲ್ಲ. ಎನ್ ಒತ್ತಿದಳು.

ಮುಂದಿನ ಚಿತ್ರದಲ್ಲೂ ಅಲ್ಲೇ, ಅದರ ಮುಂದಿನದರಲ್ಲೂ ಅಲ್ಲೇ. ಬಯ್ಯುತ್ತಾ ಮುಚ್ಚುತ್ತಿದ್ದಳು. "ಹಾಳು ಕೈ, ಹಾಳು ಯಂತ್ರ. ಹೆತ್ತೋರಿಗೆ ಕೆಲಸ ಇರ್ಲಿಲ್ವಾ ಇವನನ್ನ ಓದಿಸೋಕೆ." ಅವನ ಮೇಲೆ ಚಾಡಿ ಹೇಳುವುದು ಮಾತ್ರ ಅವಳಿಗೆ ಹೊಳೆಯಲೇ ಇಲ್ಲ. ಸರಗಳು ಮಗ್ಗ ಏರಿದವು, ಹಂಸಗಳು ನೆಟ್ಟಗೆ ಈಜಿದವು. ಚಾವಡಿಯಲ್ಲಿ ಶೆಡ್ಡಿನಿಂದ ಒಂದು ದೂರೂ ಬೀಳಲಿಲ್ಲ. ಸಂತೋಷನ ನಡಿಗೆ ಬದಲಾಯಿತು. ವಿಜಯಪುರದಲ್ಲಿ ನೂಲು ಹುರಿ ಮಾಡಿಸುವ, ಹೊಸದಾಗಿ ಮಗ್ಗ ಹಾಕಿದ್ದ ಹನುಮಂತರಾಯಪ್ಪನವರು ಪ್ರೋಗ್ರಾಮನ್ನೂ ಯಂತ್ರವನ್ನೂ ಕೊಂಡುಹೋದರು.

ಒಂದು ತಿಂಗಳು ತುಂಬುವ ಮೊದಲೇ ಅವರಿಂದ ಫೋನು ಬಂತು. ಮರುದಿನ ಬರುತ್ತೇನೆ, ಸೀರೆ ತರುತ್ತೇನೆ ಎಂದರು. ದನಿ ಕೋಣೆಯ ಆಚೆಗೂ ಕೇಳಿಸುತ್ತಿತ್ತು.

ಅವರು ಬರುವ ಬೆಳಿಗ್ಗೆ ಲಕ್ಷ್ಮಯ್ಯನವರು ಚಾವಡಿಯನ್ನು ತೆರೆಸಿದರು. ಸಂತೋಷ್ ಪರದೆ ತಿರುಗಿಸಿ ತೋರಿಸಿದ. ಪ್ರತಿ ಸರದ ಮುಂದೆಯೂ ರುಕ್ಮಿಣಮ್ಮನ ಹೆಸರು, ತಪ್ಪಿಲ್ಲ ಎಂಬ ಉತ್ತರ.

"ನಮ್ಮಲ್ಲಿ ಸರಿಯಾಗೇ ಓಡಿದೆ ಸಾರ್. ಅವರ ನೇಕಾರರು ಕಾರ್ಡು ಹಿಂದುಮುಂದಾಗಿ ಹೊಲಿದಿರ್ತಾರೆ."

"ಕೇಳಿದ್ಯಲ್ಲಮ್ಮ?" ಎಂದರು ಲಕ್ಷ್ಮಯ್ಯನವರು. "ಅವರ ಮುಂದೆ ಇದನ್ನೇ ಹೇಳು. ಇಲ್ಲಿ ಒಂದು ತಪ್ಪೂ ಬರ್ಲಿಲ್ಲ, ನೇಯೋರದೇ ದೋಷ ಅಂತ. ನಿನ್ನ ಮಾತಿಗೆ ಬೆಲೆ ಇದೆ. ನಾಳೆಯಿಂದ ಕುರ್ಚಿ ಖಾಯಂ."

ಸಂತೋಷ್ ಮೊದಲ ಬಾರಿಗೆ ಅವಳನ್ನು ನೋಡಿ ನಕ್ಕ. ಆ ನಗು ಅವಳಿಗೆ ಬೈಗುಳಕ್ಕಿಂತ ಚುಚ್ಚಿತು.

ಹನುಮಂತರಾಯಪ್ಪನವರು ಬಂದವರು ಕೂರಲಿಲ್ಲ. ಸೀರೆಯನ್ನು ಮೇಜಿನ ಮೇಲೆ ಬಿಸಾಡಿದರು. ಅಂಚಿನುದ್ದಕ್ಕೂ ಕತ್ತು ಮುರಿದ ಹಂಸಗಳು.

"ನೋಡ್ರಿ ನಿಮ್ಮ ಕಂಪ್ಯೂಟರ್ ಹಂಸ! ಕೋಳಿ ಕುಯ್ದು ಸಾಲಾಗಿ ಇಟ್ಟಂಗಿದೆ! ಇದನ್ನ ಉಟ್ಕೊಂಡು ಯಾವ ಮದುಮಗಳು ಹಸೆಮಣೆ ಏರ್ತಾಳ್ರೀ?"

"ಕೈತಪ್ಪು ಎಲ್ಲಿ ಆಗಿದೆ ಅಂತ ನಿಧಾನವಾಗಿ ನೋಡೋಣ," ಎಂದರು ಲಕ್ಷ್ಮಯ್ಯನವರು.

"ಏನು ನೋಡೋದು? ಮೊದಲು ನಾನೂ ಕೈತಪ್ಪು ಅಂದ್ಕೊಂಡೇ, ನೇಯ್ದಿದ್ದ ಪಿಳ್ಳಮ್ಮನ್ನ ಮಗ್ಗದಿಂದ ಎಬ್ಬಿಸಿ ಕಳಿಸ್ಬಿಟ್ಟೆ. ಅವಳು ಹೋದ ಮೇಲೆ ಇನ್ನೊಬ್ಬ ಕೂತ. ಅವನಿಗೂ ಹಿಂಗೇ ಬಂತು."

"ಇಬ್ಬರೂ ಒಂದೇ ತಪ್ಪು ಮಾಡಿರಬಹುದಲ್ಲ ಸಾರ್," ಎಂದ ಸಂತೋಷ್. "ನಮ್ಮಲ್ಲಿ ಪರೀಕ್ಷೆ ಮಾಡಿರೋರು ಇಲ್ಲೇ ಇದಾರೆ. ಅವರನ್ನೇ ಕೇಳಿ."

ಎಲ್ಲರೂ ಅವಳ ಕಡೆ ತಿರುಗಿದರು. ಹತ್ತು ಜನ ಅವಳ ಮಾತಿಗೆ ಕಾದ ಹಳೆಯ ದಿನಗಳ ಹಾಗೇ ಇತ್ತು. ಒಂದು ವಾಕ್ಯ ಸಾಕಿತ್ತು, ಕುರ್ಚಿ ಅವಳದು. ಅವಳು ಸೀರೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. ಕಂಡೇ ಇರದ ಆ ಪಿಳ್ಳಮ್ಮ ಎಲ್ಲೋ ಒಂದು ಜಗಲಿಯ ಮೇಲೆ ಕಂಡಿಕೆ ಸುತ್ತುತ್ತಾ ಕೂತಿರಬೇಕು, ಯಾರೋ ನೋಡುತ್ತಿರಬೇಕು.

"ಬನ್ನಿ ಇಲ್ಲಿ," ಎಂದು ಶೆಡ್ಡಿಗೆ ಇಳಿದಳು.

ಬೈರಣ್ಣನಿಗೆ ಮಗ್ಗ ನಿಲ್ಲಿಸುವಂತೆ ಸನ್ನೆ ಮಾಡಿ, ಏಣಿ ಹತ್ತಿ, ಜಕಾರ್ಡಿನ ಮೇಲಿದ್ದ ಸರವನ್ನು ಎಳೆದುಕೊಂಡಳು. ಉಗುರಿನಿಂದ ಒಂದು ಕಾಗದ ಕಿತ್ತಳು. ಬಿಲ್ಲೆ ಉದುರಿ ಬೈರಣ್ಣನ ತಲೆಯ ಮೇಲೆ ಬಿತ್ತು. ಇನ್ನೊಂದು ಕಿತ್ತಳು. ಮತ್ತೊಂದು. ಒಂದು ಹಂಸಕ್ಕಾಗುವಷ್ಟು ಕಿತ್ತು ಕೆಳಗಿಳಿದಳು.

"ಈಗ ಓಡ್ಸೋ."

"ಅಕ್ಕಾ, ಒಳ್ಳೇ ಸೀರೆ ಇದು," ಎಂದ ಬೈರಣ್ಣ.

"ಓಡ್ಸು ಅಂದ್ನಲ್ಲ."

ಮಗ್ಗ ಓಡಿತು. ಎಲ್ಲರ ಕಣ್ಣೆದುರು ಹಂಸದ ಎದೆ ಬಂತು, ರೆಕ್ಕೆ ಬಂತು, ಕತ್ತು ಬಂತು, ಮುರಿಯಿತು.

ಲಕ್ಷ್ಮಯ್ಯನವರ ಮುಖ ಕಪ್ಪಿಟ್ಟಿತು. "ಇಷ್ಟು ದಿನ ಮುಚ್ಕೊಂಡು ಬಂದ್ಯಾ? ತಪ್ಪಿಲ್ಲ ತಪ್ಪಿಲ್ಲ ಅಂತ ಒತ್ಕೊಂಡು ಬಂದ್ಯಾ? ನಿನ್ನನ್ನ ಅಲ್ಲಿ ಕೂರಿಸಿದ್ದು ಯಾಕಮ್ಮ?"

"ನಾನು ನೋಡಿ ಬಿಟ್ಟ ಕಾರ್ಡಲ್ಲಿ ತಪ್ಪಿರ್ಲಿಲ್ಲ."

"ಸರಿಮಾಡೋ ಮುಂಚೆ ಇತ್ತಲ್ಲ!"

"ಅದನ್ನ ಆಡೋದು ನಮ್ಮಲ್ಲಿಲ್ಲ."

"ನಿಮ್ಮಲ್ಲಿಲ್ಲ! ನಿಮ್ಮಲ್ಲಿ ಇಲ್ಲದ್ದು ಅಂತ ನನ್ನ ಮಾನ ವಿಜಯಪುರದ ಬಸ್‌ಸ್ಟ್ಯಾಂಡಲ್ಲಿ ಹರಾಜಾಗ್ಬೇಕಾ? ನಾಳೆಯಿಂದ ಬರ್ಬೇಡ ನೀನು."

"ನಂದೇನು?" ಎಂದು ಹನುಮಂತರಾಯಪ್ಪನವರು ಸಿಡುಕಿದರು. "ಈಗ ಆ ಪಿಳ್ಳಮ್ಮನ ಮನೆ ಬಾಗ್ಲಿಗೆ ನಾನು ಹೋಗಿ ನಿಂತ್ಕೋಬೇಕು. ಅವಳು ಬಾಯಿಗೆ ಬಂದಂಗೆ ಅಂತಾಳೆ."

"ಅನ್ನಿಸ್ಕೊಳ್ಳಿ," ಎಂದಳು ರುಕ್ಮಿಣಮ್ಮ.

ಸಂತೋಷ್ ಯಾರ ಮಾತೂ ಕೇಳುತ್ತಿರಲಿಲ್ಲ. ಕಾರ್ಡುಗಳನ್ನು ಒಂದರ ಮೇಲೊಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಎಲ್ಲದರಲ್ಲೂ ಮುಚ್ಚಿದ ಗುರುತು ಒಂದೇ ಕಡೆ. "ಅಂಚಿನ ಅಳತೆ," ಎಂದ ತನಗೆ ತಾನೇ. ಚಾವಡಿ ಬರುವ ಮೊದಲು ಹಳೆಯ ಫ್ಲಾಪಿಯಿಂದ ಆ ಅಳತೆ ತೆಗೆದುಕೊಂಡಿದ್ದ. ಚಿತ್ರದವರು ಅಂಚನ್ನು ಅಗಲ ಮಾಡಿದ್ದು ಆಮೇಲೆ. ಒಂದೇ ಒಂದು ದೂರು ಬಿದ್ದಿದ್ದರೆ ಅದರ ಬೆನ್ನು ಹತ್ತಿ ಅರ್ಧ ದಿನದಲ್ಲಿ ಹಿಡಿಯಬಹುದಿತ್ತು. ಅವನ ಕಿವಿ ಕೆಂಪಾಗಿತ್ತು. "ಹೋಗೋ ಮುಂಚೆ ಒಂದು ವೈ ಒತ್ತಿ ಹೋಗಿ. ದೂರು ಇಲ್ದೆ ಪ್ರೋಗ್ರಾಂ ಮುಟ್ಟೋಕೆ ಚಾವಡಿ ಬಿಡಲ್ಲ."

ಅವಳು ಮಹಡಿ ಹತ್ತಿ, ನಿಂತುಕೊಂಡೇ ಒತ್ತಿದಳು. ಪರದೆಯ ಮೇಲೆ ನಂಬರು ಬಿತ್ತು: ಒಂದು. ಬಿಲ್ಲೆಗಳ ಡಬ್ಬಿಯನ್ನೂ ಅಂಟಿನ ಕರಟವನ್ನೂ ಸೆರಗಿನಲ್ಲಿ ಕಟ್ಟಿಕೊಂಡಳು.

"ಅದೇನು ಅಂಟು, ಅಷ್ಟು ಗಟ್ಟಿ ಹಿಡಿದಿದೆ?" ಎಂದ ಸಂತೋಷ್, ಅವಳ ಕಡೆ ನೋಡದೆ.

"ನಿಮ್ಮೂರ ತೋಪಿನ ಹುಣಸೆಬೀಜ. ಅಲ್ಲಿಂದ ಬಂದಿದ್ರಲ್ಲಿ ಅದೊಂದೇ ಕೆಲಸಕ್ಕೆ ಬಂದಿದ್ದು."

ಅವನು ನಗಲಿಲ್ಲ. ಮೆಟ್ಟಿಲ ತನಕ ಅವಳ ಹಿಂದೆ ಬಂದ. "ನನ್ನ ಕಂಡ್ರೆ ನಿಮಗೆ ಆಗಲ್ಲ. ಮೊದಲನೇ ವಾರವೇ ಇದನ್ನ ಒತ್ತಿದ್ರೆ ನಾನು ಊರಿಗೆ ಹೋಗ್ತಿದ್ದೆ, ನಿಮ್ಮ ಕೋಣೆ ಉಳಿದ್ರೂ ಉಳೀತಿತ್ತು. ಯಾಕೆ ಮುಚ್ಚಿದ್ರಿ?"

"ನಿನ್ನ ಕಂಡ್ರೆ ಈಗ್ಲೂ ಆಗಲ್ಲ ಕಣಪ್ಪಾ," ಎಂದಳು ಇಳಿಯುತ್ತಲೇ. ಬೈರಣ್ಣ ಮಗ್ಗವನ್ನು ಮತ್ತೆ ಬಿಟ್ಟಿದ್ದ. "ಆದ್ರೆ ಮಗ್ಗಕ್ಕೆ ಹೋಗೋ ಕಾರ್ಡು ಕೈಗೆ ಬಂದಾಗ, ಅದನ್ನ ಹೊಡೆದಿರೋನು ಯಾರು ಅಂತ ನೋಡ್ಕೊಂಡು ನಾವು ಮುಚ್ಚೋದಲ್ಲ," ಎನ್ನುತ್ತಾ ಅವಳು ಅಂಗಳ ದಾಟಿ, ತಿರುಗಿ ನೋಡದೆ, ಬೀದಿಯ ಸದ್ದಿನೊಳಕ್ಕೆ ನಡೆದಳು.