ಕೀಬೋರ್ಡ್ ಇಳಿದ ಮೇಲೆ ಗುಂಡಿಯ ಗತಿ

“ಹೆಣೆ, ಕಂಪ್ಯೂಟರ್ ಡಿಗ್ರಿ ಎಲ್ಲ ನಮ್ಮನಿಯವ್ರಿಗೆ ಆಪ್ದಲ್ಲ ಹೋಪ್ದಲ್ಲ” ಎಂದವರು ಊರಿನ ಶತ್ರುಗಳಲ್ಲ, ನನ್ನ ಗುಲಾಬಿ ಅತ್ತೆ. ತ್ರಾಸಿಯಿಂದ ಮೀನಿನ ಬುಟ್ಟಿ ಹೊತ್ತು ಕುಂದಾಪುರದ ಬಸ್ಸು ಹತ್ತುವವರು, ನನ್ನನ್ನು ಸಾಕಿದವರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಕೆಟ್ಟರೆ ಡಿಗ್ರಿಯಿಲ್ಲ, ಅತ್ತೆಯ ಮಾತೇ ಗೆಲ್ಲುತ್ತಿತ್ತು.

ಅದು ಕೆಡುವ ಲಕ್ಷಣವೇ ಇತ್ತು. ನನ್ನದು ಮೀನಿನ ದರ ಬರೆದಿಡುವ ಆ್ಯಪ್. ಬರೆಯಲು ಕೀಬೋರ್ಡ್ ಮೇಲೆದ್ದರೆ ‘ಉಳಿಸು’ ಗುಂಡಿಯೂ ಏರಬೇಕು, ಅದು ಇಳಿದರೆ ಇದೂ ಇಳಿಯಬೇಕು. ಏರುವುದೇನೋ ಗತ್ತಿನಿಂದ ಏರುತ್ತಿತ್ತು. ಇಳಿಯುವ ಹೊತ್ತಿಗೆ ಆ್ಯಪ್ಪೇ ಮಾಯ.

“ದೃಷ್ಟಿ ಬಿದ್ದಿತ್ತ್ ಮಾರಾಯ್ತಿ, ಒಂದ್ ಲಿಂಬಿಹಣ್ಣ್ ಕಟ್ಟ್” ಎಂದಳು ಬೈಂದೂರಿನ ಗೆಳತಿ. ಸುಳ್ಳೇಕೆ, ಒಂದು ಗಳಿಗೆ ಯೋಚಿಸಿದೆ.

ಪರದೆಯ ಮೇಲೆ ಯಾವುದು ಎಲ್ಲಿ ನಿಲ್ಲಬೇಕೆಂದು ಕಟ್ಟಿಹಾಕುವ ನಿಯಮಕ್ಕೆ ನಮ್ಮಲ್ಲಿ ಕನ್‌ಸ್ಟ್ರೇಂಟ್ ಅನ್ನುತ್ತಾರೆ. ಕೀಬೋರ್ಡ್ ಎದ್ದಾಗ ಗುಂಡಿಯ ಹಳೆಯ ನಿಯಮವನ್ನು ನಾನು ಬಿಚ್ಚಿಡುತ್ತಿದ್ದೆ, ಇಳಿದಾಗ ಮತ್ತೆ ಕಟ್ಟಲು ಹೋಗುತ್ತಿದ್ದೆ. ಆದರೆ ಬಿಚ್ಚಿದ್ದನ್ನು ಪರದೆ ಹಿಡಿದುಕೊಳ್ಳುವುದಿಲ್ಲ. ನನ್ನದೋ ಕೋಡಿನಲ್ಲಿ ‘ವೀಕ್’ ಎಂದು ಬರೆದ ನಾಮಕಾವಾಸ್ತೆ ಹಿಡಿತ. ಯಾರೂ ಹಿಡಿಯದ್ದನ್ನು ಫೋನ್ ತನ್ನ ನೆನಪಿನಿಂದ ಗುಡಿಸಿ ಎಸೆಯುತ್ತದೆ. ಇಲ್ಲದ ನಿಯಮವನ್ನು ಕಟ್ಟಹೋದರೆ ಆ್ಯಪ್ ಮಾಯವಾಗದೆ ಇನ್ನೇನು? ಮುರಿದ ಕೊಡೆ, ಐಸ್‌ಕ್ರೀಮಿನ ಖಾಲಿ ಡಬ್ಬಿ, ಯಾವುದನ್ನೂ ಬಿಸಾಡದ ಮನೆಯಲ್ಲಿ ಬೆಳೆದ ನನಗೆ ಇಂಥ ನಿಷ್ಠುರ ಹೊಳೆಯುವುದಾದರೂ ಹೇಗೆ? ಹಾಗೆಂದು ಬೇಕು ಬೇಡವೆನ್ನದೆ ಎಲ್ಲವನ್ನೂ ಅಪ್ಪಿಕೊಂಡರೆ ಫೋನ್ ಏದುಸಿರು ಬಿಡುತ್ತದೆ. ಮತ್ತೆ ಬೇಕಾಗುವುದನ್ನಷ್ಟೇ ಗಟ್ಟಿ ಹಿಡಿಯಬೇಕು. ಆ ‘ವೀಕ್’ ಎಂಬ ಒಂದು ಪದ ಅಳಿಸಿದೆ, ಅಷ್ಟೇ. ಗುಂಡಿ ಇಳಿದು ತನ್ನ ಜಾಗದಲ್ಲಿ ಕೂತಿತು.

ಪರೀಕ್ಷಕರು ಕೀಬೋರ್ಡನ್ನು ಏರಿಸಿ ಇಳಿಸಿ, ಮತ್ತೆ ಏರಿಸಿ ಇಳಿಸಿ, “ಸರಿ, ಮುಂದಿನವರು ಬನ್ನಿ” ಎಂದರು. ಹೊರಗೆ ಬಂದು ಬಾಟಲಿ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದೆ. ಬರೀ ನೀರು ಅಷ್ಟು ರುಚಿಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸರ್ಟಿಫಿಕೇಟ್ ಬಂದ ದಿನ ನೇರ ಮೀನು ಮಾರ್ಕೆಟಿಗೆ ಹೋದೆ. ಅತ್ತೆ ಬಂಗುಡೆ ಕೊಯ್ಯುತ್ತಿದ್ದರು. ಅವರ ಕೈಗೆ ಕೊಟ್ಟುಬಿಡುವ ಆಸೆ, ಕಲೆಯಾದೀತೆಂಬ ಹೆದರಿಕೆ.

“ಅತ್ತೆ, ಕೈ ಒರ್ಸ್ಕಣಿ” ಎಂದೆ.

ಸೆರಗಿಗೆ ಒರೆಸಿದಂತೆ ಮಾಡಿ, ಎರಡೂ ಕೈಯಲ್ಲಿ ತೆಗೆದುಕೊಂಡು, ನನ್ನ ಹೆಸರಿರುವ ಜಾಗವನ್ನು ಹುಡುಕಿ ಅದರ ಮೇಲೆ ಹೆಬ್ಬೆರಳಿಟ್ಟರು.

“ವಾಸ್ನೆ ತಾಗ್ಲಿ ಬಿಡ್, ಹೆಣೆ. ಯಾರ್ ಮನೀದ್ ಅಂದೇಳಿ ಗೊತ್ತಾಯ್ಕಲ್ದಾ?”