ಪೈಪಿನ ಬಾಯಿ ಕೆಳಗಿಳಿಸಿದ್ದರು

ಆರು ದಿನದ ಆ ನಡಿಗೆಯಲ್ಲಿ ಶೌಚದ ಜಾಗ ಗುರುತಿಸಿದ್ದು ನಾನೇ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದೆ ಬೇರೆಯವರ ಬಗ್ಗೆ ಅಸಹ್ಯಪಟ್ಟ ಮಾತುಗಳು ಬಹಳ ಬರುತ್ತವೆ. ಓದುವವರು ನನ್ನನ್ನು ಆ ಸಾಲಿನಿಂದ ಹೊರಗಿಡಬಾರದು.

ಕೊಪ್ಪದಿಂದ ಹೊರಟು ಬಸರೀಕಟ್ಟೆಯ ಮೇಲಿನ ಗುಡ್ಡ ಹತ್ತುವುದು, ಅಲ್ಲಿ ಎರಡು ರಾತ್ರಿ ತಂಗುವುದು, ಮೂರನೆಯ ದಿನ ಶೃಂಗೇರಿ ಕಡೆಗೆ ಇಳಿಯುವುದು, ಆಮೇಲೆ ಎರಡು ದಿನ ಘಟ್ಟದ ಕಾಡು, ಆರನೆಯ ದಿನ ಸಮುದ್ರ. ಕಾಗದದ ಮೇಲೆ ಅದು ಬಹಳ ಚೆಂದ ಕಾಣುತ್ತಿತ್ತು. ದೂರದ ಊರಿನ ಹನ್ನೆರಡು ಜನ ಬಂದಿದ್ದರು. ಅವರನ್ನು ನಡೆಸುವವನು ಕೊಪ್ಪದ ಒಬ್ಬ ಗೈಡ್, ನಲವತ್ತು ದಾಟಿದವನು. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಹನ್ನೆರಡರಲ್ಲಿ ಐವರು ಹೆಂಗಸರು, ಹಾಗಾಗಿ ಜೊತೆಗೊಬ್ಬಳು ಹುಡುಗಿ ಬೇಕೆಂದು ನನ್ನನ್ನು ಕರೆದಿದ್ದ. ತಲೆ ಎಣಿಸುವುದು, ಟೆಂಟ್ ಎಣಿಸುವುದು, ಊಟದ ಸಾಮಾನು ನೋಡಿಕೊಳ್ಳುವುದು, ಶೌಚದ ಟೆಂಟಿಗೆ ಜಾಗ ತೋರಿಸುವುದು ನನ್ನ ಕೆಲಸ. ಒಟ್ಟು ಹದಿನಾಲ್ಕು ತಲೆ.

ಮೊದಲ ದಿನ, ಬುಧವಾರ. ಜೀಪಿನಲ್ಲಿ ಬಸರೀಕಟ್ಟೆ ತಲುಪುವಷ್ಟರಲ್ಲಿ ಗೈಡ್ ಅಣ್ಣ ಹೊಗೆಸೊಪ್ಪಿನ ಎಲೆಅಡಿಕೆಯನ್ನು ಹತ್ತೊಂಬತ್ತು ಸಲ ಹೊರಗೆ ಉಗಿದ. ಎರಡು ಸಲ ಗಾಳಿಗೆ ಹಿಂದಕ್ಕೆ ಬಂದು ನನ್ನ ತೋಳಿನ ಮೇಲೆ ಬಿತ್ತು. ಸಂಜೆ ಗುಡ್ಡದ ಮೇಲೆ ಒಲೆ ಹಚ್ಚಿ ಅನ್ನ ಇಳಿಸಿ ಈ ಕಡೆ ತಿರುಗುವಷ್ಟರಲ್ಲಿ ಯಾರೋ ಆ ಪಾತ್ರೆಯ ಮುಚ್ಚಳದ ಮೇಲೆ ಬೆವರಿನ ಕಾಲುಚೀಲ ಒಣಗಲು ಹಾಕಿದ್ದರು. ಮುಚ್ಚಳ ಬಿಸಿಯಾಗಿತ್ತಲ್ಲ, ವಾಸನೆ ಎದ್ದಿತ್ತು. ಆ ರಾತ್ರಿ ಊಟ ಮಾಡದವರು ಒಬ್ಬರು. ಅದು ನಾನು.

ನಾವು ತಂಗಿದ್ದ ಜಾಗ ಒಂದು ಕಾಫಿ ಎಸ್ಟೇಟಿನ ಮೇಲಿನ ಹುಲ್ಲುಬ್ಯಾಣ, ದನ ಮೇಯುವ ಬಯಲು. ಪಕ್ಕದಲ್ಲೊಂದು ಹಳ್ಳ. ನವೆಂಬರಿನಲ್ಲಿ ಗೈಡ್ ಅಣ್ಣನ ಜೊತೆ ಜಾಗ ನೋಡಲು ಬಂದಾಗ ಅದರ ತಲೆಯಲ್ಲಿ, ಒಂದು ಬಂಡೆಯ ಬುಡದಲ್ಲಿ, ನೀರು ಜಿನುಗಿ ಹರಿಯುತ್ತಿತ್ತು. ಕಪ್ಪು ಪೈಪೊಂದು ಅಲ್ಲಿಂದ ಹೊರಟು ಗುಡ್ಡದ ಇಳಿಜಾರಿನಲ್ಲಿ ಕೆಳಗೆ ಹೋಗಿತ್ತು. ಕೆಳಗೆ ಎಸ್ಟೇಟಿನ ಕೆಲಸದವರ ಲೈನ್ ಮನೆಗಳು ಏಳು. ಗುಡ್ಡದ ನೀರು ಪೈಪಿನಲ್ಲಿ ತಾನಾಗಿ ಇಳಿದು ಅವರ ಟ್ಯಾಂಕಿಗೆ ಬೀಳುತ್ತದೆ, ಮೋಟಾರು ಬೇಕಿಲ್ಲ. ನಮ್ಮ ಕಡೆ ಎಲ್ಲ ಹಾಗೇ. ಅದನ್ನು ನೋಡಿಯೇ ನಾನು ಶೌಚದ ಜಾಗವನ್ನು ಪೈಪಿನ ಬಾಯಿಗಿಂತ ಸಾಕಷ್ಟು ಕೆಳಗೆ, ಹಳ್ಳದ ಎಡಕ್ಕೆ ಗುರುತು ಮಾಡಿದ್ದೆ. ಜಾಗ್ರತೆಯ ಹುಡುಗಿ ಎಂದು ಅಣ್ಣ ಹೊಗಳಿದ್ದ.

ಈಗ ಬಂದಿದ್ದು ಮಾರ್ಚಿನಲ್ಲಿ. ಬಂಡೆಯ ಬುಡ ಒಣಗಿತ್ತು. ಪೈಪೂ ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ: "ಹಳ್ಳದಲ್ಲಿ ನೀರಿಲ್ಲ. ಶೌಚದ ಜಾಗದಿಂದ ಯಾರಿಗೂ ತೊಂದರೆ ಇಲ್ಲ." ಕೆಳಗೆ ಒಂದು ಗೆರೆಯನ್ನೂ ಎಳೆದೆ.

ಶೌಚದ ಟೆಂಟಿನಲ್ಲಿ ಗುಂಡಿ ತೋಡಿ ಬೂದಿ ಇಟ್ಟಿದ್ದೆವು. ಗುರುವಾರ ಬೆಳಿಗ್ಗೆ ಏಳು ಗಂಟೆಗೆಲ್ಲ ಒಳಗೆ ಕಾಲಿಡಲಾಗದಂತೆ ಮಾಡಿಟ್ಟಿದ್ದರು. ಗುಂಡಿಯ ಬಾಯಿ ಅಷ್ಟು ದೊಡ್ಡದಿದ್ದರೂ ಅಂಚಿಗೇ ಕೂತು ಹೋಗಿದ್ದರು. ಬೂದಿಯ ಬಕೆಟಿನಲ್ಲಿ ಸಿಗರೇಟು ತುಂಡುಗಳಿದ್ದವು. ಜಿಪ್ ಕೂಡ ಸಿಕ್ಕಿಕೊಂಡಿತ್ತು. ಅಲ್ಲಿಂದಾಚೆಗೆ ಒಬ್ಬೊಬ್ಬರೇ ಕೈಯಲ್ಲಿ ಒರೆಸಿಕೊಳ್ಳುವ ಬಿಳಿ ಒದ್ದೆ ಟಿಶ್ಯೂವಿನ ಪಾಕೀಟು ಹಿಡಿದು ಒಣ ಹಳ್ಳದ ಬಂಡೆಗಳ ಹಿಂದೆ ಹೋಗತೊಡಗಿದರು. ನಾನು ನೋಡಿದೆ. ಎಣಿಸಿದೆ ಕೂಡ. ಹಳ್ಳ ಒಣಗಿದೆ ಎಂದು ಬರೆದಾಗಿತ್ತಲ್ಲ, ತಡೆಯಲಿಲ್ಲ.

ಅಂದು ಸಂಜೆ ಐದೂ ಇಪ್ಪತ್ತಕ್ಕೆ ಮಳೆ ಬಂತು. ನಲವತ್ತು ನಿಮಿಷ. ಕಾಫಿ ಹೂ ಅರಳಲು ಬೇಕಾದ ಮಳೆ ಅದು. ಕೆಳಗಿನ ಎಸ್ಟೇಟಿನಲ್ಲಿ ಯಾರೋ ಖುಷಿಗೆ ಕೂಗಿದ್ದು ಮೇಲಿನವರೆಗೂ ಕೇಳಿಸಿತು. ನಮ್ಮವರು ತೋಳು ಚಾಚಿ ಕುಣಿದು ವಿಡಿಯೋ ತೆಗೆದುಕೊಂಡರು. ಒಣ ಹಳ್ಳದಲ್ಲಿ ಕೆಂಪು ನೀರು ಸ್ವಲ್ಪ ಹೊತ್ತು ಓಡಿ ನಿಂತಿತು. ಬಂಡೆಗಳ ಹಿಂದೆ ಇದ್ದುದೆಲ್ಲ ಎಲ್ಲಿಗೆ ಹೋಯಿತು ಎಂದು ನಾನು ಕೇಳಿಕೊಳ್ಳಲಿಲ್ಲ. ತೊಳೆದುಹೋಯಿತಲ್ಲ ಎಂದು ಸಮಾಧಾನವೇ ಆಯಿತು.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಇಳಿದೆವು. ದಾರಿ ಲೈನ್ ಮನೆಗಳ ಅಂಗಳದ ಮೇಲೇ ಹೋಗುತ್ತದೆ. ಮೊದಲ ಮನೆಯ ಹೆಂಗಸು, ಐವತ್ತರ ಆಸುಪಾಸಿನವಳು, ನಲ್ಲಿಯ ಕೆಳಗೆ ಕೊಡ ಇಟ್ಟು ನಿಂತಿದ್ದಳು.

"ಎಂತದ್ದು ಇದು, ಹುಚ್ಚುನಾಯಿ ಅಟ್ಟಿಸ್ಕಂಡು ಬಂದಂಗೆ ಓಡ್ತೀರಲ್ಲ! ನಿಲ್ಲಿ, ಒಂದು ಲೋಟ ನೀರಾದ್ರೂ ಕುಡ್ಕಂಡು ಹೋಗಿ."

ತಟ್ಟೆಯಲ್ಲಿ ಬೆಲ್ಲದ ಚೂರು ತಂದಳು. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಕುಡಿದರು. ನಾನು ಎರಡು ಲೋಟ ಕುಡಿದೆ. ತಣ್ಣಗಿತ್ತು, ರುಚಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ.

ಆಮೇಲೆ ಅವಳು ಬೇಲಿಯ ಮೇಲೆ ಹರಡಿದ್ದ ಮೂರು ಬಿಳಿ ಚೂರುಗಳನ್ನು ತಂದು ನನಗೆ ತೋರಿಸಿದಳು.

"ತಂಗಿ, ನೀ ಓದಿದೋಳು, ಹೇಳು, ಇದು ಎಂತದ್ದು? ಬೆಳಿಗ್ಗೆ ನೀರು ನಿಂತೋಗಿತ್ತು. ಹೋಗಿ ನೋಡಿರೆ ಪೈಪಿನ ಬಾಯಿಗೆ ಕಟ್ಟಿದ ಸೊಳ್ಳೆಪರದೆಗೆ ಇದು ಅಂಟ್ಕಂಡಿತ್ತು. ಬಟ್ಟೆನೂ ಅಲ್ಲ, ಕಾಗ್ದನೂ ಅಲ್ಲ. ಎಷ್ಟು ಮೆತ್ತಗಿದೆ ನೋಡು. ತೊಳ್ದು ಒಣಗಿಸ್ದೆ. ನಮ್ಮನೇಲಿ ಸೊಸೆ ಬಾಣಂತಿ, ಮಗೀನ ಮೂತಿ ಒರ್ಸಕ್ಕೆ ಆಗ್ತದೆ ಅಂತ."

ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ. "ಅಕ್ಕ, ಪೈಪಿನ ಬಾಯಿ ಎಲ್ಲಿಟ್ಟಿದ್ದೀರಿ? ಮೇಲೆ ಬಂಡೆ ಬುಡದಲ್ಲಿ ಕಾಣಲಿಲ್ಲ."

"ಮ್ಯಾಲೆ ನೀರೆಲ್ಲಿದೆ ಮಾರಾಯ್ತಿ, ಈ ಬೇಸಿಗೇಲಿ? ಸಂಕ್ರಾಂತಿ ಆದ್ಮೇಲೆ ಕೆಳಗಿನ ಗುಂಡಿಗೆ ಇಳಿಸಿದ್ವಲ್ಲ."

ಹಳ್ಳದ ತಲೆ ಒಣಗಿದರೆ ಕೆಳಗಿನ ಬಂಡೆಗುಂಡಿಗಳಲ್ಲಿ ನೀರು ಉಳಿದಿರುತ್ತದೆ. ಪೈಪಿನ ಬಾಯನ್ನು ಅಲ್ಲಿಗೆ ಇಳಿಸುತ್ತಾರೆ, ಮಳೆ ಹಿಡಿದ ಮೇಲೆ ಮತ್ತೆ ಏರಿಸುತ್ತಾರೆ. ಕೊಪ್ಪದ ಹತ್ತಿರದ ನಾರ್ವೆ ಕಡೆಯ ನಮ್ಮ ಮನೆಯಲ್ಲೂ ಪ್ರತಿ ವರ್ಷ ಇದು ಒಂದು ಭಾನುವಾರದ ಕೆಲಸ. ಅಪ್ಪನ ಜೊತೆ ಪೈಪಿನ ಇನ್ನೊಂದು ತುದಿ ಹಿಡಿದು ನಾನೇ ನಿಂತಿದ್ದೇನೆ. ದೂರದ ಊರಿನವರು ಒಣ ಹಳ್ಳವನ್ನು ನೋಡಿ ನೀರಿಲ್ಲ ಎಂದುಕೊಂಡರೆ ಸರಿ. ನಾನು ಹಾಗೆ ಬರೆದು ಗೆರೆ ಎಳೆದಿದ್ದೆ. ನವೆಂಬರಿನಲ್ಲಿ ಶೌಚದ ಜಾಗ ಪೈಪಿನ ಬಾಯಿಗಿಂತ ಕೆಳಗಿತ್ತು. ಮಾರ್ಚಿನಲ್ಲಿ ಅದೇ ಜಾಗ ಪೈಪಿನ ಬಾಯಿಯ ನೆತ್ತಿಯ ಮೇಲಿತ್ತು.

ಗೈಡ್ ಅಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನು ಬಾಯಲ್ಲಿದ್ದುದನ್ನು ಉಗಿದು ಸುತ್ತ ನೋಡಿದ.

"ಈಗ ಬಾಯಿ ಬಿಟ್ರೆ ಹನ್ನೆರಡು ಜನನೂ ಇಲ್ಲೇ ವಾಂತಿ ಮಾಡ್ತಾರೆ. ಸುಮ್ನೆ ನಡಿ. ಹರಿಯೋ ನೀರಿಗೆ ಮೈಲಿಗೆ ಇಲ್ಲ ಅಂತ ಹಿರೇರು ಸುಮ್ನೆ ಹೇಳಿದ್ರಾ?"

"ಅದು ಹರೀತಿಲ್ಲ ಅಣ್ಣ. ಗುಂಡೀಲಿ ನಿಂತಿದೆ. ಅಲ್ಲಿ ಬಾಣಂತಿ ಇದ್ದಾಳೆ."

"ಬಾಣಂತಿಗೆ ಕಾಯಿಸಿದ ನೀರೇ ಕೊಡ್ತಾರೆ, ನಿಂಗೆ ಗೊತ್ತಿಲ್ವಾ? ಮುಂದಿನ ಸಲ ಜಾಗ ಬದಲಾಯಿಸಾಣ. ಲೆಕ್ಕ ಬರಿಯೋಳು ಲೆಕ್ಕ ಬರಿ, ಊರುದ್ಧಾರ ಬೇಡ."

ಕೂಸಿಗೆ ಬಜೆ ತೇಯ್ದು ನೆಕ್ಕಿಸುತ್ತಾರೆ. ತೇಯುವ ಕಲ್ಲಿಗೆ ಯಾರೂ ಕಾಯಿಸಿದ ನೀರು ಹಾಕುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಚೀಲ ಹೆಗಲಿಗೇರಿಸಿ, ನಗುನಗುತ್ತ ಎಲ್ಲರನ್ನೂ ಹೊರಡಿಸಿದ. ನಾನು ಮೊದಲ ತಿರುವಿನವರೆಗೆ ಹಿಂದೆ ನಡೆದೆ, ಅಲ್ಲಿ ತಲೆ ಎಣಿಸಿದೆ, ಹಿಂದಿರುಗಿದೆ. ಹದಿಮೂರು ಮುಂದೆ ಹೋದವು.

ಹೇಳಿದಾಗ ಆ ಅಕ್ಕ ಕೂಗಾಡಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡಳು. ಒಳಗೆ ಹೋಗಿ ಹಂಡೆ, ಕೊಡ, ಚೊಂಬು ಎಲ್ಲವನ್ನೂ ತಂದು ಅಂಗಳದಲ್ಲಿ ಮಗುಚಿದಳು. ಉಳಿದ ಆರು ಮನೆಗೂ ಕೂಗಿ ಹೇಳಿದಳು. ಆಮೇಲೆ ನನ್ನ ಮುಂದೆ ಬಂದು ನಿಂತಳು.

"ಪ್ಯಾಟೆಯೋರಿಗೆ ಗೊತ್ತಾಗಲ್ಲ, ಬಿಡು. ನೀ ಎಲ್ಲಿಯೋಳು?"

"ನಾರ್ವೆ ಕಡೆ, ಅಕ್ಕ."

"ನಿಮ್ಮನೇಲಿ ಪೈಪ್ ಇಳಿಸಲ್ವಾ?"

"ಇಳಿಸ್ತೀವಿ."

"ಮತ್ತೆ?"

ನಾನು ಒಂದು ಗುದ್ದಲಿ ಕೇಳಿದೆ.

ಇಬ್ಬರು ಹೆಂಗಸರು ಗುದ್ದಲಿ, ಗೊಬ್ಬರದ ಖಾಲಿ ಚೀಲ ಹಿಡಿದು ನನ್ನ ಜೊತೆ ಮೇಲೆ ಬಂದರು. ಹಳ್ಳದ ಹತ್ತಿರ ಬಂದಾಗ ಗುದ್ದಲಿಯನ್ನು ನನ್ನ ಕಾಲ ಬಳಿ ಹಾಕಿ ದೂರ ಕೂತರು. "ಲೈನಿನೋರು ಅಂದ್ರೆ ಇದನ್ನೆಲ್ಲ ಎತ್ತೋರು ಅಂತ ತಿಳ್ಕಬೇಡ. ನಿಮ್ಮೋರದ್ದು, ನೀನೇ ಎತ್ತು," ಎಂದಳು ಒಬ್ಬಳು. ಇನ್ನೊಬ್ಬಳು ಮೂಗಿಗೆ ಸೆರಗು ಮುಚ್ಚಿ, "ಎಂತ ತಿಂತಾರೇನ ಇವ್ರು, ದನದ ಕೊಟ್ಟಿಗೆ ಎಷ್ಟೋ ವಾಸಿ," ಎಂದಳು. ಎತ್ತಿದೆ. ಒದ್ದೆ ಟಿಶ್ಯೂ ಮೂವತ್ತೇಳು. ಇನ್ನೊಂದು ಲೆಕ್ಕವನ್ನೂ ಬರೆದಿದ್ದೇನೆ, ಇಲ್ಲಿ ಬೇಡ. ಮಧ್ಯೆ ಎರಡು ಸಲ ವಾಂತಿ ಮಾಡಿದೆ. ಅದನ್ನೂ ನಾನೇ ಮುಚ್ಚಿದೆ.

ಟ್ಯಾಂಕು ಖಾಲಿ ಮಾಡಿ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದೆವು. ಪೈಪನ್ನು ಗುಂಡಿಯಿಂದ ಎತ್ತಿ ಹೊರಗಿಟ್ಟೆವು. ಮನೆಗಳಿಗಿಂತ ಎತ್ತರದಲ್ಲಿ ಬೇರೆ ನೀರಿರಲಿಲ್ಲ. ಇನ್ನು ಮಳೆ ಹಿಡಿಯುವವರೆಗೆ ಏಳು ಮನೆಗೂ ಕೆಳಗಿನ ತೋಟದ ಬಾವಿಯೇ ಗತಿ. ನಾನೂ ಒಂದು ಕೊಡ ತಂದೆ. ಹೋಗಲು ಆರುನೂರ ಹತ್ತು ಹೆಜ್ಜೆ, ಹೊತ್ತು ಬರಲು ಏಳುನೂರ ನಲವತ್ತು.

ಭಾನುವಾರ ರಾತ್ರಿ ನಾನು ಮನೆಯಲ್ಲಿದ್ದಾಗ ಗೈಡ್ ಅಣ್ಣ ಫೋನ್ ಮಾಡಿದ. "ಹೆಂಗಸ್ರು ನಿನ್ನ ಕೇಳ್ತಿದಾರೆ. ನಾಲ್ಕು ಜನಕ್ಕೆ ಹೊಟ್ಟೆ ಕೆಟ್ಟಿದೆ. ನಾಳೆ ಸಮುದ್ರದ ಹತ್ರ ಬಂದ್ಬಿಡು." ಸೋಮವಾರ ಬೆಳಿಗ್ಗೆ ಶೃಂಗೇರಿಯಲ್ಲಿ ಬಸ್ಸು ಹತ್ತಿ ಘಟ್ಟ ಇಳಿದು ಹೋದೆ.

ದಡದಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಎರಡು ದಿನ ಕಾಡಿನೊಳಗೆ ಬೀಳುತ್ತ ಏಳುತ್ತ ಬಂದ ಮೈ, ಒಗೆಯದ ಬಟ್ಟೆ, ಒಣಮೀನಿನ ಗಾಳಿ. ಗೈಡ್ ಅಣ್ಣ ಅವರ ಮುಂದೆ ನಿಂತು ಮಾತನಾಡುತ್ತಿದ್ದ: "ನಾವು ಕಾಡಿಗೆ ಹೋದದ್ದು ಕಾಡಿಗೇ ಗೊತ್ತಾಗಬಾರದು. ಹೆಜ್ಜೆ ಗುರುತು ಬಿಟ್ಟು ಬೇರೇನೂ ಬಿಟ್ಟು ಬಂದಿಲ್ಲ ನಾವು." ಅವರು ಚಪ್ಪಾಳೆ ತಟ್ಟಿದರು. ಹೊಟ್ಟೆ ಕೆಟ್ಟದ್ದಕ್ಕೆ ಕಾಡು ಹೊಗುವ ಮೊದಲು ದಾರಿಯ ಹೋಟೆಲಿನಲ್ಲಿ ತಿಂದ ಮೀನು ಕಾರಣ ಎಂದು ಅವನು ಆಗಲೇ ತೀರ್ಮಾನಿಸಿಯಾಗಿತ್ತು. ಹೋಟೆಲಿನವನನ್ನು ಎಲ್ಲರೂ ಬೈಯುತ್ತಿದ್ದರು.

"ಮೀನಲ್ಲ," ಎಂದೆ. ಎಲ್ಲವನ್ನೂ ಹೇಳಿದೆ. ಜಾಗ ತೋರಿಸಿದ್ದು ನಾನು ಎಂಬುದನ್ನೂ, ಟಿಶ್ಯೂವಿನ ಲೆಕ್ಕವನ್ನೂ.

ಒಬ್ಬಾಕೆ ಎದ್ದು ನೀರಿನ ಕಡೆಗೆ ಓಡಿದಳು. ಒಬ್ಬ, "ಅಂದ್ರೆ ನಾವು ಕುಡಿದಿದ್ದು ನಮ್ಮದೇ..." ಎಂದು ಅರ್ಧಕ್ಕೆ ನಿಲ್ಲಿಸಿದ. ಇನ್ನೊಬ್ಬ, "ಟಾಯ್ಲೆಟ್ ವ್ಯವಸ್ಥೆ ನಿಮ್ಮ ಜವಾಬ್ದಾರಿ ಅಲ್ವಾ ಮೇಡಂ?" ಎಂದ. ಅವನ ಮಾತು ಸರಿ. ಯಾವ ಮಾತ್ರೆ ನುಂಗಬೇಕು, ಯಾವ ಪರೀಕ್ಷೆ ಮಾಡಿಸಬೇಕು, ಮನೆಯಲ್ಲಿ ಹೇಳುವುದು ಹೇಗೆ ಎಂದು ಅರ್ಧ ಗಂಟೆ ಮಾತಾಯಿತು. ತಮ್ಮ ಹೊಟ್ಟೆಯ ಬಗ್ಗೆ ಕೇಳಿದವರು, ಆ ನೀರು ಕುಡಿಯದವರೂ ಸೇರಿ, ಹನ್ನೆರಡು. ಏಳು ಮನೆಯವರ ಬಗ್ಗೆ ಕೇಳಿದವರು ಸೊನ್ನೆ. ಗೈಡ್ ಅಣ್ಣ ನನ್ನ ಕಡೆ ನೋಡದೆ, "ನಿನ್ ಸಹವಾಸ ಸಾಕು ಮಾರಾಯ್ತಿ," ಎಂದ. ನನಗೂ ಸಾಕಾಗಿತ್ತು. ಅದೇ ಬಸ್ಸಿನಲ್ಲಿ ಹಿಂದಿರುಗಿದೆ.

ಕೂಸಿಗೆ ಎರಡು ದಿನ ಭೇದಿಯಾಗಿತ್ತು. ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಂದರು, ಉಳಿಯಿತು. ಇದನ್ನು ಅಕ್ಕ ಫೋನಿನಲ್ಲಿ ಹೇಳಿದ್ದು ಒಂದೇ ವಾಕ್ಯದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ನಾನು ಆರು ಭಾನುವಾರ ಅಲ್ಲಿಗೆ ಹೋದೆ. ಬಾವಿಯಿಂದ ನೀರು ತಂದು ಹಾಕಿದೆ. ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಜೂನ್ ಮೂರನೆಯ ವಾರ ಹಳ್ಳದ ತಲೆಯಲ್ಲಿ ನೀರು ಹುಟ್ಟಿತು. ಅಕ್ಕನೇ ಫೋನ್ ಮಾಡಿ ಕರೆದಳು. ಹೋದಾಗ ಪೈಪನ್ನು ಬಂಡೆಯ ಬುಡಕ್ಕೆ ಏರಿಸಿಯಾಗಿತ್ತು, ಟ್ಯಾಂಕು ಅರ್ಧ ತುಂಬಿತ್ತು. ಏಳು ಮನೆಯವರೂ ನಲ್ಲಿಯ ಸುತ್ತ ನಿಂತಿದ್ದರು. ಬಾಣಂತಿಯ ಸೊಂಟದ ಮೇಲೆ ಕೂಸಿತ್ತು.

ಅಕ್ಕ ಚೊಂಬು ತುಂಬಿ ನನ್ನ ಮುಂದೆ ಹಿಡಿದಳು. "ಮೊದ್ಲು ನೀ ಕುಡಿ."

ನೀರು ತಿಳಿಯಾಗಿತ್ತು. ಅದು ಆ ಗುಂಡಿಯ ನೀರಲ್ಲ, ಮೇಲಿನದು ಎಂದು ನನಗೆ ಗೊತ್ತಿತ್ತು. ಆದರೂ ಒಂದೊಂದೇ ಗುಟುಕಾಗಿ ನುಂಗಿದೆ. ಚೊಂಬು ಖಾಲಿ ಮಾಡಲು ಹನ್ನೊಂದು ಗುಟುಕು ಬೇಕಾಯಿತು.

"ಸರಿ," ಎಂದಳು ಅಕ್ಕ. "ನಾಳೆ ಸಂಜೆವರೆಗೆ ಇಲ್ಲೇ ಇರು. ನಿಂಗೆ ಎಂತ ಆಗ್ತದೆ ನೋಡಿ ಆಮೇಲೆ ನಾವು ಕುಡಿತೀವಿ."

ಕೊಡ ಎತ್ತಿಕೊಂಡು, ಆ ದಿನದ ನೀರಿಗೆ ಬಾವಿಯ ಕಡೆ ಇಳಿದಳು.